ಸೋಮವಾರ ಏಳು ಸೇರು

ಮುತ್ತಿನಕೊಪ್ಪ
18-11-2025, ಮಂಗಳವಾರ

ಪ್ರೀತಿಯ ಅತ್ತೇ,

ರೇಖಾ ಮಾಡುವ ನಮಸ್ಕಾರ. ನಿಮ್ಮ ಮಂಡಿನೋವು ಹೇಗಿದೆ? ಶೃಂಗೇರಿಯ ಚಳಿಗೆ ಎಣ್ಣೆ ಹಚ್ಚಿಕೊಳ್ಳುತ್ತೀರೋ, ಅಥವಾ ಎಣ್ಣೆಯನ್ನೆಲ್ಲ ಮೊಮ್ಮಗಳಿಗೇ ಮೀಸಲಿಟ್ಟಿದ್ದೀರೋ? ದೀಪಶ್ರೀ, ಕೂಸು ಇಬ್ಬರೂ ಸೌಖ್ಯವೆಂದು ನಂಬಿದ್ದೇನೆ. ಇಲ್ಲಿ ನಾನೂ ನಿಮ್ಮ ಮಗನೂ ಕ್ಷೇಮ. ನಿಮ್ಮ ಮಗ ಸಾರು ಮಾಡಲು ಕಲಿತಿದ್ದಾರೆ. ಅದು ಸಾರು ಎಂದು ಅವರೇ ಹೇಳಿದ್ದರಿಂದ ನಾನೂ ಒಪ್ಪಿಕೊಂಡಿದ್ದೇನೆ. ಫೋನಿರುವಾಗ ಕಾಗದ ಯಾಕೆಂದು ಕೇಳಬೇಡಿ. ಫೋನಿನಲ್ಲಿ ನಾನು ಮುಖ್ಯ ವಿಷಯಕ್ಕೆ ಬರುವಷ್ಟರಲ್ಲಿ "ಕೂಸು ಅಳ್ತಾ ಇದೆ, ಇಡ್ತೀನಿ ಮಾರಾಯ್ತಿ" ಎನ್ನುತ್ತೀರಿ. ಕಾಗದವನ್ನು ಹಾಗೆ ಕಟ್ ಮಾಡಲು ಬರುವುದಿಲ್ಲ. ನೀವು ಗಟ್ಟಿಯಾಗಿ ಓದುವವರು. ನಿಮ್ಮ ಮೇಲಿನ ಆರೋಪಗಳು ಬಂದಾಗ ಮಾತ್ರ ಮನಸ್ಸಿನಲ್ಲೇ ಓದಿಕೊಳ್ಳಿ.

ಮೊದಲ ಆರೋಪ ಇಗೋ. ಬಾಣಂತನಕ್ಕೆ ಮಗಳು ತವರಿಗೆ ಬರುವುದು ಲೋಕದ ಪದ್ಧತಿ. ನಮ್ಮ ಮನೆಯಲ್ಲಿ ಮಾತ್ರ ತವರೇ ಗಂಟು ಕಟ್ಟಿಕೊಂಡು ಮಗಳ ಮನೆಗೆ ಹೊರಟಿತು. ಅದೂ ಹೆರಿಗೆಗೆ ಇನ್ನೂ ಒಂದು ತಿಂಗಳಿರುವಾಗ. ಅದೂ ನೀವು ಹದಿನೆಂಟು ವರ್ಷದಿಂದ ಬಿಸಿಯೂಟ ಬೇಯಿಸುತ್ತಿರುವ ಶಾಲೆಗೇ ಬಿ.ಇಡಿ. ಕಾಲೇಜಿನವರು ನನ್ನನ್ನು ಪಾಠ ಮಾಡಲು ಕಳಿಸಿದ ವಾರವೇ! ಈಗ ನೋಡಿದರೆ "ಇನ್ನು ಆ ಸೌಟು ಹಿಡಿಯಲ್ಲ" ಎಂದು ಗಿರಿಯಮ್ಮನ ಹತ್ತಿರ ಹೇಳಿದ್ದೀರಂತೆ. ನಿಮ್ಮ ಬದಲು ಅಡಿಗೆಗೆ ನಿಂತಿರುವ ಗಿರಿಯಮ್ಮನಿಗೆ ಗುಟ್ಟು ಹೇಳುವುದೂ ಒಂದೇ, ಪಂಚಾಯ್ತಿ ಮೈಕಿನಲ್ಲಿ ಕೂಗುವುದೂ ಒಂದೇ. ಯಾಕೆ ಹಿಡಿಯುವುದಿಲ್ಲವೆಂದು ನಿಮಗೂ ಗೊತ್ತು, ನನಗೂ ಗೊತ್ತು. ವಿಚಾರಣೆ ಆಮೇಲೆ. ಮೊದಲು ನಿಮ್ಮ ಸೊಸೆಯ ಪರಾಕ್ರಮ ಕೇಳಿ.

ನಿನ್ನೆ ನನ್ನ ಕೊನೆಯ ಪರೀಕ್ಷಾ ಪಾಠ. "ಡಿಗ್ರಿ ಸರ್ಟಿಫಿಕೇಟನ್ನ ಕಪಾಟಲ್ಲಿಟ್ರೆ ಗೆದ್ದಲು ಓದುತ್ತೆ, ಅದರ ಬದಲು ನೀನೇ ಓದು" ಎಂದು ಎರಡು ವರ್ಷದ ಹಿಂದೆ ನನ್ನನ್ನು ಕೊಪ್ಪದ ಬಸ್ಸು ಹತ್ತಿಸಿದವರು ನೀವು. ಹಾಗಾಗಿ ಸೋತಿದ್ದರೆ ಅದಕ್ಕೂ ನೀವೇ ಹೊಣೆಯಾಗುತ್ತಿದ್ದಿರಿ. ಆರನೇ ತರಗತಿ, ಗಣಿತ, ಅನುಪಾತ. ಪಾಠಯೋಜನೆಯಲ್ಲಿ ಪೂರ್ವಜ್ಞಾನ, ಪ್ರೇರಣೆ, ಮೌಲ್ಯಮಾಪನ ಎಂದು ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಡ್ರಾಯಿಂಗ್ ಶೀಟಿನಲ್ಲಿ ಅನ್ನದ ತಟ್ಟೆ ಬರೆದು, ಕಾಲೇಜಿನ ನೀಲಿ ಸೀರೆಗೆ ಹದಿಮೂರು ಪಿನ್ನು ಚುಚ್ಚಿಕೊಂಡು ನಿಂತೆ. ಹಿಂದಿನ ಬೆಂಚಿನಲ್ಲಿ ಅಂಕ ಹಾಕಲು ಬಂದ ಕಾಲೇಜಿನ ಅನ್ನಪೂರ್ಣಮ್ಮ ಮೇಡಂ, ಪಕ್ಕದಲ್ಲಿ ನಮ್ಮ ಹೆಡ್ಮೇಷ್ಟ್ರು ಹರಿಹರ.

"ಇಪ್ಪತ್ತು ಮಕ್ಕಳಿಗೆ ಮೂರು ಸೇರು ಅಕ್ಕಿ ಬೇಕಾದರೆ ನಲವತ್ತು ಮಕ್ಕಳಿಗೆ ಎಷ್ಟು?" ಎಂದೆ. ಆರು ಎಂದು ಕೂಗಬೇಕಾದ ತರಗತಿ ಮುಖಮುಖ ನೋಡಿಕೊಂಡಿತು. ಬೂತಪ್ಪನ ಮೊಮ್ಮಗಳು ಸಿಂಚನಾ ಎದ್ದು, "ಇವತ್ತು ಯಾವ ವಾರ ಟೀಚರ್?" ಎಂದಳು. ಅನುಪಾತಕ್ಕೂ ವಾರಕ್ಕೂ ಎಂತ ಸಂಬಂಧ ಮಾರಾಯ್ತಿ ಎಂದು ಬಾಯಿಗೆ ಬಂದದ್ದನ್ನು ನುಂಗಿ, ಸೋಮವಾರ ಎಂದೆ.

"ಹಂಗಾರೆ ಏಳು. ಸೋಮವಾರ ಹೊನ್ನಕ್ಕ ಒಂದು ಸೇರು ಜಾಸ್ತಿ ಹಾಕ್ತಾರೆ. ಭಾನುವಾರ ಶಾಲೆ ಊಟ ಇರಲ್ವಲ್ಲ, ಕೆಲವ್ರು ಹಸ್ಕಂಡೇ ಬರ್ತಾರೆ."

"ಶನಿವಾರ ಐದೇ ಸಾಕು ಟೀಚರ್, ಎಲ್ಲಾ ಮನಿಗೆ ಓಡ್ತಾರೆ. ಸರಿ ಹೋಯ್ತಲ್ಲ!" ಎಂದು ಇನ್ನೊಬ್ಬ ಲೆಕ್ಕ ಕೂಡಿಸಿಬಿಟ್ಟ. ಹರಿಹರ ಮೇಷ್ಟ್ರಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಅನ್ನಪೂರ್ಣಮ್ಮ ಮೇಡಂ ಅಂಕ ಹಾಕುವುದನ್ನು ಬಿಟ್ಟು, ಯಾರು ಹಸಿದು ಬಂದಿದ್ದಾರೆಂದು ಹೊನ್ನಕ್ಕನಿಗೆ ಹೇಗೆ ಗೊತ್ತಾಗುತ್ತದೆ ಎಂದು ತಾವೇ ಕೇಳಿದರು. "ಪ್ರಾರ್ಥನೆ ಹೊತ್ತಲ್ಲಿ ಅಡಿಗೆಕೋಣೆ ಬಾಗಿಲಲ್ಲಿ ನಿಂತು ಎಲ್ಲರ ಮುಖ ನೋಡ್ತಾರೆ ಮೇಡಂ. ಗಿರಿಯಮ್ಮ ಅಳತೆ ಡಬ್ಬ ನೋಡ್ತಾರೆ" ಎಂದಳು ಸಿಂಚನಾ.

ನಾನು ಎರಡು ವರ್ಷ ಬಸ್ಸಿನಲ್ಲಿ ನಿಂತು ಹೋಗಿ ಕಲಿತ ಪೂರ್ವಜ್ಞಾನ ಪರೀಕ್ಷೆಯನ್ನು ನೀವು ಸೌಟು ಹಿಡಿದುಕೊಂಡೇ ಮುಗಿಸುತ್ತೀರಿ, ಅತ್ತೇ. ನನ್ನ ಚಿತ್ರವನ್ನು ಸುತ್ತಿಟ್ಟು ನಿಮ್ಮ ವಾರದ ಅಕ್ಕಿಯನ್ನೇ ಬೋರ್ಡಿನ ಮೇಲೆ ಬರೆದೆ. ಮಕ್ಕಳು ನಾ ಮುಂದು ತಾ ಮುಂದು ಎಂದು ಬಂದು ಅನುಪಾತ ಬಿಡಿಸಿದರು. ಗಂಟೆ ಹೊಡೆದದ್ದು ಯಾರಿಗೂ ಕೇಳಲಿಲ್ಲ. ಕೊನೆಗೆ ಮೇಡಂ, "ಇದು ನಿಮ್ಮ ಪಾಠಯೋಜನೆಯಲ್ಲಿ ಇರಲಿಲ್ಲವಲ್ಲಮ್ಮ" ಎಂದರು. "ಇಲ್ಲ ಮೇಡಂ, ಇದು ನಮ್ಮತ್ತೆಯ ಯೋಜನೆ. ಹೊನ್ನಕ್ಕ ನಮ್ಮತ್ತೆ" ಎಂದು ಅಡಿಗೆಕೋಣೆಗೂ ಕೇಳುವ ಹಾಗೆ ಹೇಳಿದೆ. ಅವರು ಪುಸ್ತಕದಲ್ಲಿ "ಮಕ್ಕಳು ಚೆನ್ನಾಗಿ ಮಾತಾಡಿದರು. ತಟ್ಟೆಯ ಚಿತ್ರ ಕುಂಬಳಕಾಯಿಯಂತಿದೆ" ಎಂದು ಬರೆದರು. ಕುಂಬಳಕಾಯಿಗೆ ಎರಡಂಕ ಹೋಯಿತು, ಉಳಿದದ್ದೆಲ್ಲ ಬಂತು. ಇನ್ನು ಕಾಲೇಜಿನ ಲಿಖಿತ ಪರೀಕ್ಷೆ, ಆಮೇಲೆ ಟೀಚರ್ ಕೆಲಸಕ್ಕೆ ಬೇಕಾದ ಟಿ.ಇ.ಟಿ. ಬಾಕಿ, ಅವನ್ನೂ ಬಿಡುವವಳಲ್ಲ.

ದೀಪಶ್ರೀಗೆ ಕಷಾಯ ಕುಡಿಸುವ ಜವಾಬ್ದಾರಿ ನಿಮ್ಮದು, ಕೂಸಿನ ಕೆನ್ನೆಗೆ ನನ್ನ ಮುತ್ತು ಕೊಡುವುದೂ ನಿಮ್ಮದೇ. ಮಂಡಿಗೆ ಎಣ್ಣೆ ಮರೆಯಬೇಡಿ.

ನಿಮ್ಮ ಸೊಸೆ,
ರೇಖಾ
ಬಿ.ಎಸ್ಸಿ., ಮುಕ್ಕಾಲು ಬಿ.ಇಡಿ.

ವಿ.ಸೂ.: ಅಂಚೆಡಬ್ಬಿ ತೆರೆಯುವ ಹೊತ್ತಾಯಿತು, ಬೇಗ ಹೇಳುತ್ತೇನೆ. ಮೊದಲ ದಿನ ಇದೇ ಮೇಡಂ "ಈ ಶಾಲೆಯಲ್ಲಿ ನಿಮ್ಮವರು ಯಾರಾದರೂ ಇದ್ದಾರಾ?" ಎಂದು ಕೇಳಿದಾಗ ನಾನು "ಯಾರೂ ಇಲ್ಲ" ಎಂದೆ. ಅಡಿಗೆಕೋಣೆಯ ಕಿಟಕಿ ತೆರೆದಿತ್ತು. ಒಳಗೆ ಸೌಟಿನ ಸದ್ದು ನಿಂತದ್ದು ನನಗೆ ಕೇಳಿಸಿತ್ತು. ತಪ್ಪಾಯಿತು ಅತ್ತೇ. ಬಾಣಂತನ ಮುಗಿಸಿಯೇ ಬನ್ನಿ. ಅಲ್ಲಿಯವರೆಗೆ ಸೋಮವಾರದ ಏಳನೇ ಸೇರನ್ನು ಗಿರಿಯಮ್ಮನ ಕೈಯಲ್ಲಿ ನಾನು ಹಾಕಿಸುತ್ತೇನೆ. ಮುಖ ನೋಡುವುದನ್ನು ಮಾತ್ರ ನೀವೇ ಬಂದು ಕಲಿಸಬೇಕು. ಈ ಕೊನೆಯ ಹಾಳೆಯನ್ನೊಮ್ಮೆ ತಿರುಗಿಸಿ ನೋಡಿ. ನೀವು ಹರಿಹರ ಮೇಷ್ಟ್ರಿಗೆ ಬರೆದುಕೊಟ್ಟ ರಾಜೀನಾಮೆ ಅದು, ಇಸಿದುಕೊಂಡು ಬಂದೆ. ಮತ್ತೆ ಕೊಡುವುದಾದರೆ ಅದರ ಹಿಂಬದಿಯಲ್ಲಿ ನಾನು ಬರೆದಿರುವ ಈ ತಪ್ಪೊಪ್ಪಿಗೆಯನ್ನೂ ಅವರು ಓದಬೇಕಾಗುತ್ತದೆ.