ಎಡಗಣ್ಣಿನ ವಿಚಾರಣೆ

ಮಾರ್ಚ್ ೧೨, ಗುರುವಾರ

ಆ ಹದಿನೇಳು ಇನ್ನೂ ತಲೆಯಿಂದ ಇಳಿದಿಲ್ಲ. ಒಂದೇ ವಾರದಲ್ಲಿ ಹದಿನೇಳು ಸಲ ನಾನು ಬಸ್ ಓಡಿಸುತ್ತಾ ತೂಕಡಿಸಿದೆನಂತೆ! ಸ್ಟಿಯರಿಂಗ್ ಮೇಲೆ ಹೊಸದಾಗಿ ಕೂರಿಸಿದ ಕ್ಯಾಮೆರಾ ಹೇಳಿತು, ಡಿಪೊದ ಕಂಪ್ಯೂಟರ್ ನನ್ನನ್ನು ಕೆಲಸದಿಂದ ತೆಗೆಯಿತು. ಇಪ್ಪತ್ತು ವರ್ಷದಲ್ಲಿ ಒಂದು ಸೈಕಲ್ಲಿಗೂ ತಾಗಿಸದವಳು ನಾನು.

ಯಂತ್ರದ ಮಾತೊಂದನ್ನೇ ನಂಬಿ ಯಾರ ಕೆಲಸವನ್ನೂ ಕಿತ್ತುಕೊಳ್ಳುವಂತಿಲ್ಲ, ಮನುಷ್ಯರೊಬ್ಬರು ಎದುರು ಕೂರಿಸಿ ಕೇಳಲೇಬೇಕು ಎಂಬ ಹೊಸ ಕಾನೂನು ಬಂದಿದೆಯಲ್ಲ, ಅದನ್ನೇ ಹಿಡಿದು ಇವತ್ತು ವಿಚಾರಣೆಗೆ ಹೋದೆ. "ಸುಮ್ನೆ ತಪ್ಪಾಯ್ತು ಅಂದ್ಬಿಡು," ಎಂದಿದ್ದರು ಮನೆಯವರು. ನಾನ್ಯಾಕೆ ಅನ್ನಲಿ?

ಅಧಿಕಾರಿ ಫೈಲಿನಿಂದ ತಲೆ ಎತ್ತದೆ, "ಏನಮ್ಮಾ, ಹದಿನೇಳು ಸಲ?" ಎಂದರು.

"ಸಾರ್, ಒಂದ್ಸಲ ನನ್ನ ಮುಖ ನೋಡಿ. ಈಗ ನಿದ್ದೆ ಮಾಡ್ತಿದೀನಾ?"

ನೋಡಿದರು. ಹುಟ್ಟಿನಿಂದಲೇ ಅರ್ಧ ಮುಚ್ಚಿರುವ ನನ್ನ ಎಡಗಣ್ಣು ಕಂಡು ಪೆನ್ನು ಕೆಳಗಿಟ್ಟರು. ಆದೇಶ ರದ್ದಾಯಿತು. "ಕಾರಣಾನೂ ಬರೆದುಕೊಡಿ ಸಾರ್," ಎಂದೆ. ಬರೆದೇ ಕೊಟ್ಟರು!

ಫೋಟೋ ತೆಗೆಸುವಾಗಲೆಲ್ಲ ಅಮ್ಮ ಆ ಕಣ್ಣು ಕಾಣದ ಹಾಗೆ ನನ್ನ ಗಲ್ಲ ಹಿಡಿದು ತಿರುಗಿಸುತ್ತಿದ್ದಳು. ಇವತ್ತು ಅದನ್ನೇ ಮುಂದೆ ಮಾಡಿ ಕುಳಿತೆ.

ನಾಳೆ ಬೆಳಗ್ಗೆ ಐದರ ಟ್ರಿಪ್ಪು ನನ್ನದೇ. ಈಗ ನಿಜವಾಗಿಯೂ ನಿದ್ದೆ ಬರುತ್ತಿದೆ, ಎರಡೂ ಕಣ್ಣಿಗೆ.