ಬೀಗದ ಕಿಂಡಿ

ಮಾರ್ಚ್ ೧೧, ಮಂಗಳವಾರ

ಆ ಗೀಚುವ ಸದ್ದು ಇನ್ನೂ ಕಿವಿಯಲ್ಲೇ ಇದೆ.

ಉಪ್ಪಿನಲ್ಲೇ ಬದುಕುವ ಸೂಕ್ಷ್ಮಜೀವಿಗಳನ್ನು ಇವತ್ತು ಸಿಹಿನೀರಿಗೆ ಹಾಕಿ ಒಡೆಸಿದೆವು. ಎಲ್ಲ ಸತ್ತು, ನೇರಳೆ ಪ್ರೋಟೀನಿನ ಪೊರೆ ಮಾತ್ರ ಉಳಿಯಿತು. ಬೆಳಕು ಬಿದ್ದರಷ್ಟೇ ಅದು ನೀರನ್ನು ಹುಳಿ ಮಾಡುತ್ತದೆ; ಆಗ ಹುಳಿ ಅಳೆಯುವ ಮೀಟರಿನ ಮುಳ್ಳು ಕಾಗದದ ಮೇಲೆ ಗೀಚುತ್ತದೆ. ಸಂಜೆ ಕತ್ತಲೆಕೋಣೆಯ ದೀಪ ಆರಿಸಿದ ಮೇಲೂ ಗೀಚುತ್ತಲೇ ಇತ್ತು.

"ಬಾಗಿಲಲ್ಲಿ ಎಲ್ಲೋ ಸಂದಿ ಇದೆ, ಹುಡುಕು," ಅಂದರು ಲ್ಯಾಬಿನ ಮೇಡಂ.

ಬೀಗದ ಕಿಂಡಿಗೆ ಹೆಬ್ಬೆರಳು ಒತ್ತಿದೆ. ಸದ್ದು ನಿಂತಿತು. ತೆಗೆದೆ, ಮತ್ತೆ ಶುರುವಾಯಿತು. ಹೊರಗಿನ ಕಾರಿಡಾರಿನ ದೀಪ ಕೆಟ್ಟು ವಾರವಾಗಿದೆ. ಕಿಂಡಿಗೆ ಕಣ್ಣಿಟ್ಟೆ. ಸದ್ದು ನಿಂತಿತು. ಆ ಬೆಳಕು ಈಗ ನನ್ನ ಕಣ್ಣಿಗೇ ಬೀಳುತ್ತಿರಬೇಕು. ನನಗೆ ಕಂಡದ್ದು ಕತ್ತಲೆ ಮಾತ್ರ.

ಪಕ್ಕದ ಮಂಚದಿಂದ ಅಕ್ಕ, "ಲೈಟ್ ಆರಿಸ್ಲಾ?" ಅಂತಿದ್ದಾಳೆ.

ಬೇಡ ಅಂದೆ. ನಮ್ಮ ಬಾಗಿಲಿಗೂ ಒಂದು ಕಿಂಡಿ ಇದೆ.