ಬಾಯಿ ಬಿಡದ ಹೀರೋ

ಭೀಮೇಶಣ್ಣಾ,

ಸಿಂಧನೂರಿನ ಅಕ್ಕಿ ಮಿಲ್ಲಿಗೆ ಬಂದು ಮುಟ್ಟೀನಿ. ಇಲ್ಲಿ ಮೂರು ಹೊತ್ತೂ ಅನ್ನ, ರೊಟ್ಟಿಯ ಮಾರಿನೇ ನೋಡಿಲ್ಲ. ಧೂಳಿಗೆ ಕೆಮ್ಮು ಹತ್ತಿತ್ತು, ಈಗ ಆರಾಮ ಅದೀನಿ.

ನಿನ್ನೆ ಮಿಲ್ಲಿನ ಟೀವಿಯಾಗ ಯಾವುದೋ ಪರದೇಶದ ಲವ್ ಪಿಚ್ಚರ್ ಬಂತು, ತೆಲುಗು ಮಾತು ಹಾಕ್ಯಾರ. ಸಮುದ್ರ ಏನು, ಮನಿ ಏನು, ಹುಡುಗಿ ಏನು! ಎಲ್ಲಾ ಇದ್ದೂ ಕೆಡಿಸ್ಯಾರ. ಹೀರೋ ಎರಡು ತಾಸು ಕಿಟಕಿ ಹತ್ರ ನಿಂತು ಉಸಿರು ಬಿಡ್ತಾನ, ಮಾತು ಬಿಡಂಗಿಲ್ಲ. ಆಕಿ ಬ್ಯಾರೆಯವನ್ನ ಮದಿವಿ ಆಗಿ ಹಡಗು ಹತ್ತಿದ ಮ್ಯಾಲ ಪಿಟೀಲು ಬಾರಿಸಿದ.

"ಮೊದ್ಲ ಹೇಳಾಕ ಏನಾಗಿತ್ತಲೇ ನಿಂಗ?" ಅಂತ ಟೀವಿಗೆ ಬೈದೆ.

"ಮೆಲ್ಲಕಪಾ, ಅವಂಗ ಕನ್ನಡ ಬರಂಗಿಲ್ಲ" ಅಂದ ಹಮಾಲಿ ವಿರೂಪಾಕ್ಷಪ್ಪ.

ನೀನೂ ಹಂಗ. ಸುಕನ್ಯಾ ಹತ್ತಿದ ಬಸ್ ಹೋಗೋವರೆಗೂ ಮಸ್ಕಿ ಸ್ಟ್ಯಾಂಡಿನ್ಯಾಗ ಕಂಬದಂಗ ನಿಂದರ್ತಿ. ಆಕಿನೂ ನಿನ್ನ ಮಾತಿಗೆ ಕಾಯಾಕತ್ತಾಳ. ಅಮಾಸಿ ಆದ ಮ್ಯಾಲ ಆಕಿನ್ನ ನೋಡಾಕ ಲಿಂಗಸುಗೂರಿನವರು ಬರ್ತಾರಂತ. ನೀ ಮನ್ಯಾಗ ಹೇಳಂಗಿಲ್ಲ. ಫೋನ್ ಮಾಡಿದ್ರ ನೀನೇ ಎತ್ತಿ ಮುಚ್ಚಿಡ್ತಿ, ಅದಕ್ಕ ಕಾರ್ಡ್ ಹಾಕೀನಿ. ಕಾರ್ಡ್ ಬಂದ್ರ ಪೋಸ್ಟಿನವರೇ ಬಾಗಿಲಾಗ ನಿಂತು ಅವ್ವಗ ಓದಿ ಹೇಳ್ತಾರ.

ಪೋಸ್ಟಿನ ಅಣ್ಣಾರ, ಇಲ್ಲಿಂದ ಗಟ್ಟಿಯಾಗಿ ಓದ್ರಿ: ಅವ್ವಾ, ನಿನ್ನ ದೊಡ್ಡ ಮಗಗ ಸುಕನ್ಯಾನೇ ಬೇಕಂತ. ಇವತ್ತೇ ಆಕಿ ಮನಿಗೆ ಹೋಗಿ ಕೇಳು.

ಸುನೀಲ